ದೇವಸ್ಥಾನವೋ, ಆಸ್ಪತ್ರೆಯೋ?



ಹೋದ ಬೇಸಿಗೆಯಲ್ಲಿ ನಮ್ಮಜ್ಜಿಗೆ ಸೊಂಟದ ಹತ್ತಿರ ಸರ್ಪಸುತ್ತು ಎದ್ದಿತ್ತು. ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ ಅಂತ ಎಲ್ಲರೂ ಹೆದರಿಸಿದರು. ಕೆಮ್ಮಣ್ಣು ಹಚ್ಚಿದ್ದಾಯಿತು, ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದದ್ದೂ ಆಯಿತು. ಆರನೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇದಕ್ಕೂ ಹಾವಿಗೂ ಸಂಬಂಧವಿಲ್ಲ, ಹಿಂದೆ ಯಾವಾಗಲೋ ಬಂದಿದ್ದ ಸೀತಾಳೆ ಸಿಡುಬಿನ ವೈರಸ್ ನರದಲ್ಲಿ ಅಡಗಿದ್ದು ಈಗ ಎದ್ದಿದೆ, ಮೂರು ದಿನದೊಳಗೆ ಬಂದಿದ್ದರೆ ಮಾತ್ರೆ ಚೆನ್ನಾಗಿ ಹಿಡಿಯುತ್ತಿತ್ತು ಎಂದರು ಡಾಕ್ಟರು. ಗುಳ್ಳೆ ಒಣಗಿದವು, ಉರಿ ಮಾತ್ರ ಇವತ್ತಿಗೂ ಹೋಗಿಲ್ಲ. ಆಸ್ಪತ್ರೆ ಇಲ್ಲದ ಕಾಲದಲ್ಲಿ ಜನ ಎಲ್ಲಿಗೆ ಹೋಗುತ್ತಿದ್ದರು ಎಂದು ಸಮಾಜದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದು, ನಾನು ಓದಿದ್ದು ಸೇರಿಸಿ ಬರೆದಿದ್ದೇನೆ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಬಳ್ಳಿಗಾವಿ ಎಂಬ ಊರಿದೆ. ಅಲ್ಲಿ ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯ, ಅದಕ್ಕೆ ಸೇರಿದಂತೆ ಕೋಡಿಯಮಠ ಎಂಬ ಕಾಳಾಮುಖ ಶೈವರ ಮಠ ಇತ್ತು. ಕೆರೆ ಕೋಡಿ ಬಿತ್ತು ಅಂತ ನಾವು ಹೇಳುತ್ತೇವಲ್ಲ, ಅದೇ ಕೋಡಿ! ಕ್ರಿ.ಶ. 1162ರಲ್ಲಿ, ಕಳಚುರಿ ಬಿಜ್ಜಳನ ಕಾಲದಲ್ಲಿ, ವಾಮಶಕ್ತಿ ಎಂಬ ಗುರುಗಳಿದ್ದಾಗ ಬರೆಸಿದ ಶಾಸನ ಈ ಮಠವನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ಪುರಾಣ ಓದುವ ಜಾಗ ಅಂತ ಹೇಳಿ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಬಡವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಬೇರೆ ಮತದ ಸನ್ಯಾಸಿಗಳಿಗೂ ಅನ್ನ ಇಕ್ಕುವ ಜಾಗ, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ಮಾಡುವ ಜಾಗ, ಸಕಲ ಜೀವಿಗಳಿಗೂ ಅಭಯದ ಜಾಗ ಎನ್ನುತ್ತದೆ. ನನಗೆ ಬಹಳ ಹಿಡಿಸಿದ್ದು ದಿಕ್ಕಿಲ್ಲದವರ ಮಾತು. ದುಡ್ಡಿದ್ದವರು ವೈದ್ಯರನ್ನು ಮನೆಗೇ ಕರೆಸಿಯಾರು, ಇಲ್ಲದವರು?

ಇಂಥದೇ ಜಾಗ ಗ್ರೀಸ್ ದೇಶದಲ್ಲೂ ಇತ್ತು, ಎಪಿಡಾರಸ್. ಅಲ್ಲಿನ ದೇವರು ಅಸ್ಕ್ಲೀಪಿಯಸ್. ಅವನ ಕೋಲಿಗೆ ಸುತ್ತಿಕೊಂಡಿರುವುದು ಹಾವು! ರೋಗಿಗಳು ಸ್ನಾನ ಮಾಡಿ, ಪೂಜೆ ಕೊಟ್ಟು, ಗುಡಿಯ ಪಕ್ಕದ ಉದ್ದ ಹಜಾರದಲ್ಲಿ ರಾತ್ರಿ ಮಲಗಬೇಕು. ದೇವರು ಕನಸಿನಲ್ಲಿ ಬಂದು ವಾಸಿ ಮಾಡುತ್ತಾನೆಂಬ ನಂಬಿಕೆ. 1881ರಿಂದ ಕವಾದಿಯಾಸ್ ಎಂಬ ಗ್ರೀಕ್ ವಿದ್ವಾಂಸರು ಅಲ್ಲಿ ಅಗೆಸಿದರು. ದೇವಸ್ಥಾನದ ತಳಪಾಯ, ಸಾವಿರಾರು ಜನ ಕೂರುವ ಕಲ್ಲಿನ ರಂಗಮಂಟಪದ ಜೊತೆಗೆ ಅಕ್ಷರದ ಕಲ್ಲುಗಳೂ ಸಿಕ್ಕಿದವು. ಕ್ರಿ.ಪೂ. 4ನೇ ಶತಮಾನದ ಆ ಕಲ್ಲುಗಳಲ್ಲಿ ವಾಸಿಯಾದವರ ಸುಮಾರು 70 ಕಥೆಗಳಿವೆ. ಒಬ್ಬನ ಕಾಲ್ಬೆರಳಿನ ಹುಣ್ಣನ್ನು ಹಾವೇ ವಾಸಿ ಮಾಡಿತಂತೆ. ಅಂಬ್ರೋಸಿಯಾ ಎಂಬಾಕೆಗೆ ಒಂದು ಕಣ್ಣು ಕಾಣದು. ಅವಳು ಇದೆಲ್ಲ ಸುಳ್ಳು ಎಂದು ನಕ್ಕಳಂತೆ. ಕನಸಿನಲ್ಲಿ ದೇವರು ಬಂದು, ವಾಸಿ ಮಾಡುತ್ತೇನೆ, ಆದರೆ ನಿನ್ನ ಅಜ್ಞಾನದ ಗುರುತಿಗೆ ಒಂದು ಬೆಳ್ಳಿಯ ಹಂದಿ ಒಪ್ಪಿಸು ಅಂದು, ಕಣ್ಣಿಗೆ ಔಷಧಿ ಹಾಕಿದನಂತೆ. ಕೊರಿಂತ್ ಎಂಬ ಇನ್ನೊಂದು ಊರಿನಲ್ಲಿ ಅದೇ ದೇವರ ಜಾಗ ಅಗೆದಾಗ ಹರಕೆಯ ಮಣ್ಣಿನ ಕೈ, ಕಾಲು, ಕಿವಿಗಳು ಸಿಕ್ಕಿವೆ. ನಮ್ಮವರು ಬೆಳ್ಳಿ ಕಣ್ಣು ಒಪ್ಪಿಸುವುದಿಲ್ಲವೇ, ಹಾಗೆ. ವಾಸಿಯಾಗದವರ ಕಥೆಯನ್ನು ಮಾತ್ರ ಯಾರು ತಾನೇ ಕಲ್ಲಿನಲ್ಲಿ ಕೆತ್ತಿಸುತ್ತಾರೆ?

ಈ ಹಂದಿಯ ಕಥೆ ಅಜ್ಜಿಗೆ ಹೇಳಿದೆ. "ನಾನು ಡಾಕ್ಟ್ರ ಮಾತು ಕೇಳಿ ನಗ್ತಿದ್ದೆ ಕಣೋ, ಆಸ್ಪತ್ರೆಗೆ ಒಂದು ಹಂದಿ ಮಾಡಿಸ್ಕೊಡ್ಬೇಕೇನೋ" ಅಂದು ನಕ್ಕರು. ನಗುವಾಗಲೂ ಒಂದು ಕೈ ಸೊಂಟದ ಮೇಲೇ ಇತ್ತು. ಈಗ ಪಕ್ಕದ ಮನೆಯವರಿಗೆ ಮೈಮೇಲೆ ಗುಳ್ಳೆ ಎದ್ದರೆ ಅಜ್ಜಿಯೇ ಮೊದಲು ಬಸ್ಸು ಹತ್ತಿಸುತ್ತಾರೆ, ನಾಗಪ್ಪನ ಪೂಜೆಯನ್ನೂ ಬಿಟ್ಟಿಲ್ಲ.

ಇನ್ನೊಂದು ವಿಷಯ. ಬಳ್ಳಿಗಾವಿಯ ಶಾಸನಗಳನ್ನು ಓದಿ 1902ರಲ್ಲಿ ಅಚ್ಚು ಮಾಡಿಸಿದವರು ಬಿ.ಎಲ್. ರೈಸ್. 1905ರಲ್ಲಿ ಅವರೇ ಕೋಲಾರ ಜಿಲ್ಲೆಯ ಸಂಪುಟವನ್ನೂ ತಂದರು. ನಮ್ಮ ಶಿಡ್ಲಘಟ್ಟ ತಾಲ್ಲೂಕು 2007ರವರೆಗೂ ಕೋಲಾರಕ್ಕೇ ಸೇರಿತ್ತು, ಆದ್ದರಿಂದ ನಮ್ಮ ಕಡೆಯ ಶಾಸನಗಳೂ ಅದರಲ್ಲಿವೆ. ಬಟ್ಟೆ ಒಗೆಯುವ ಕಡೆ, ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ಅಕ್ಷರವಿರುವ ಕಲ್ಲು ಯಾರಾದರೂ ನೋಡಿದ್ದರೆ ನನಗೆ ತಿಳಿಸಿ. ಸುಣ್ಣ ಬಳಿಯಬೇಡಿ, ಉಜ್ಜಬೇಡಿ. ಭಾನುವಾರ ಮೇಷ್ಟ್ರ ಜೊತೆ ಬಂದು ನೋಡುತ್ತೇವೆ.