ಕಾಲೇಜನ್ನು ಕಂಡು ಆರಿಸುವುದು

ಊರಿನ ಕಡೆಯ ಕಾಲೇಜಿಗೆ ಮಕ್ಕಳನ್ನು ಸೇರಿಸಬಯಸುವ ಮುಂಬಯಿ ಕನ್ನಡಿಗರು ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲಿ ಅದನ್ನು ನೋಡಿ ಬರುತ್ತಾರೆ. ಆಗ ಕಾಣುವುದು ಕಟ್ಟಡ ಮಾತ್ರ, ಪಾಠ ಕಾಣದು. ಮುಂಬಯಿ ಶಾಲೆಗಳ ದೀಪಾವಳಿ ರಜೆ ದೀರ್ಘವಾದುದು. ಹಬ್ಬ ಕಳೆದೊಡನೆ ಕರ್ನಾಟಕದ ಕಾಲೇಜುಗಳು ಬಹುಮಟ್ಟಿಗೆ ತೆರೆದಿರುತ್ತವೆ. ಭೇಟಿಗೆ ಅದೇ ಸಕಾಲ.

ಹೊರಡುವ ಮುನ್ನ ವಿದ್ಯಾರ್ಥಿಯು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು:

1. 1994ರಲ್ಲಿ ಸ್ಥಾಪಿತವಾದ ನ್ಯಾಕ್ ಸಂಸ್ಥೆಯ ಮಾನ್ಯತೆ ಇದ್ದರೆ, ಅದರ ಅವಧಿ ಎಂದಿನವರೆಗೆ?

2. ಪ್ರಯೋಗಾಲಯದಲ್ಲಿ ಒಂದು ಉಪಕರಣಕ್ಕೆ ಎಷ್ಟು ಮಂದಿ?

3. ಹಾಸ್ಟೆಲಿನ ಊಟ, ನೀರು ಹೇಗೆ? (ಇದನ್ನು ಹಿರಿಯ ವಿದ್ಯಾರ್ಥಿಗಳಲ್ಲಿಯೇ ವಿಚಾರಿಸಬೇಕು.)

4. ಪ್ರತಿ ವರ್ಷದ ಶುಲ್ಕ, ಮರಳಿ ಬರುವ ಠೇವಣಿ ಎಷ್ಟು? ಲಿಖಿತ ಪಟ್ಟಿಯನ್ನೇ ಪಡೆಯಬೇಕು. ಶಿಕ್ಷಣ ಸಾಲಕ್ಕೆ ಬ್ಯಾಂಕು ಕೇಳುವುದೂ ಅದನ್ನೇ.

ಪ್ರಶ್ನಿಸುವ ಕೆಲಸ ವಿದ್ಯಾರ್ಥಿಯದೇ ಆಗಲಿ, ತಂದೆತಾಯಿಯರು ಆಲಿಸಲಿ. ಮನೆಯ ಉಳಿತಾಯ ಅವರದು. ಅಲ್ಲಿ ಕಳೆಯಬೇಕಾದ ವರ್ಷಗಳು ಮಕ್ಕಳವು.