ಬಾಯಿಬಿಟ್ಟು ಹೇಳುವುದೂ ಶುಶ್ರೂಷೆಯೇ



ನಮ್ಮ ಸಂಘದಲ್ಲಿ ಆರೋಗ್ಯಸೇವೆಗೆ ಸೇರಿದವರು ಬಗೆಬಗೆಯವರಿದ್ದೇವೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಎಂ.ಎಸ್ಸಿ.ಗೆ ಬಂದವರು, ಇಲ್ಲೇ ಹುಟ್ಟಿ ಬೆಳೆದು ಈಗ ಪ್ಲೇಸ್‌ಮೆಂಟ್ ಮಾಡುತ್ತಿರುವವರು, ಬೇರೆ ವಿಷಯ ಓದುತ್ತಾ ವಾರಾಂತ್ಯದಲ್ಲಿ ಕೇರ್ ಹೋಮ್‌ನಲ್ಲಿ ದುಡಿಯುವವರು. 'ಲೀಡರ್‌ಶಿಪ್' ಅಂದ ಕೂಡಲೇ ನಮ್ಮೆಲ್ಲರ ಕಣ್ಣಮುಂದೆ ಬರುವುದು ವಾರ್ಡ್ ಮ್ಯಾನೇಜರ್. "ಅದೆಲ್ಲ ಬ್ಯಾಂಡ್ 7 ಆದಮೇಲೆ ನೋಡೋಣ ಬಿಡಿ" ಅಂತ ಸುಮ್ಮನಾಗುತ್ತೇವೆ.

ಆದರೆ ರಾತ್ರಿ ಮೂರು ಗಂಟೆಗೆ ಹಾಸಿಗೆಯ ಪಕ್ಕ ನಿಂತಿರುವುದು ಮ್ಯಾನೇಜರ್ ಅಲ್ಲ, ನಾವು. ರೋಗಿಯ ಸ್ಥಿತಿ ಕೆಡುತ್ತಿದೆ ಅನ್ನೋದು ಮೊದಲು ಬೀಳುವುದು ನಮ್ಮ ಕಣ್ಣಿಗೆ. ಕಂಡದ್ದನ್ನು ಸರಿಯಾದವರಿಗೆ, ಸರಿಯಾದ ಹೊತ್ತಿಗೆ, ಅವರು ಎದ್ದು ಬರುವ ಹಾಗೆ ಹೇಳುವುದೇ ನರ್ಸ್ ತೋರಿಸುವ ಮೊದಲ ನಾಯಕತ್ವ. ಅದಕ್ಕೆ ಹುದ್ದೆ ಬೇಡ, ಅಭ್ಯಾಸ ಬೇಕು. ಆ ಅಭ್ಯಾಸವನ್ನು ಇಲ್ಲಿ ನಾಲ್ಕು ಹೆಜ್ಜೆಗಳಲ್ಲಿ ಕಲಿಯೋಣ.

ಹೆಜ್ಜೆ 1: ಎಣಿಸಿ, ಬರೆದಿಡಿ

ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ದೀಪ ಹಿಡಿದ ಮಹಿಳೆ ಅಂತ ಶಾಲೆಯಲ್ಲಿ ಓದಿದ್ದೇವೆ. ಅವರ ಇನ್ನೊಂದು ಕೈಯಲ್ಲಿದ್ದ ಲೆಕ್ಕದ ಪುಸ್ತಕದ ಬಗ್ಗೆ ಅಷ್ಟಾಗಿ ಕೇಳಿಲ್ಲ. ಕ್ರಿಮಿಯನ್ ಯುದ್ಧದ ಕಾಲದಲ್ಲಿ, 1854ರ ನವೆಂಬರ್‌ನಲ್ಲಿ, ಅವರು 38 ಮಂದಿ ನರ್ಸ್‌ಗಳ ಜತೆ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದರು. ಅದು ಈಗಿನ ಇಸ್ತಾಂಬುಲ್‌ನ ಒಂದು ಭಾಗ. 1855ರ ಫೆಬ್ರವರಿಯಲ್ಲಿ ಅಲ್ಲಿ ಸಾವಿನ ಪ್ರಮಾಣ ನೂರಕ್ಕೆ ಸುಮಾರು 42 ಇತ್ತು. ಮಾರ್ಚ್‌ನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂದು ಚರಂಡಿ ಶುಚಿ ಮಾಡಿಸಿ, ಗಾಳಿಯಾಡುವ ಹಾಗೆ ಮಾಡಿತು. ಜೂನ್ ಹೊತ್ತಿಗೆ ಆ ಸಂಖ್ಯೆ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು.

ಇಷ್ಟು ಸಾವಿಗೆ ಕಾರಣವೇನು? ಆಹಾರದ ಕೊರತೆ, ಅತಿಯಾದ ದಣಿವು ಅಂತಲೇ ನೈಟಿಂಗೇಲ್ ಮೊದಲು ತಿಳಿದಿದ್ದರು. ಊರಿಗೆ ಮರಳಿದ ಮೇಲೆ ಸಂಖ್ಯಾಶಾಸ್ತ್ರ ಬಲ್ಲ ವಿಲಿಯಂ ಫಾರ್ ಅವರ ಜತೆ ಕೂತು ಲೆಕ್ಕ ಹಾಕಿದಾಗ ಬೇರೆಯದೇ ಕಂಡಿತು: ಸೈನಿಕರಲ್ಲಿ ಹೆಚ್ಚಿನವರು ಸತ್ತದ್ದು ಗಾಯದಿಂದಲ್ಲ, ತಡೆಯಬಹುದಾಗಿದ್ದ ರೋಗಗಳಿಂದ. ಅವರು ತಮ್ಮ ಅಭಿಪ್ರಾಯ ಬದಲಿಸಿಕೊಂಡರು. ಅಂಕಿಗಳನ್ನು ಬಣ್ಣದ ಚಿತ್ರವಾಗಿ ಬಿಡಿಸಿ, 1858ರಲ್ಲಿ ಅಧಿಕಾರದಲ್ಲಿದ್ದವರ ಮುಂದಿಟ್ಟರು. "ಬಹಳ ಜನ ಸಾಯ್ತಿದ್ದಾರೆ" ಅನ್ನುವ ಮಾತನ್ನು ತಳ್ಳಿಹಾಕಬಹುದು, ಅಂಕಿಯನ್ನು ತಳ್ಳಿಹಾಕುವುದು ಕಷ್ಟ.

ನಮ್ಮ ವಾರ್ಡಿನಲ್ಲಿ ಇದೇ ಕೆಲಸ ಮಾಡುವುದು ನ್ಯೂಸ್-2 ಚಾರ್ಟ್. ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಇದನ್ನು 2012ರಲ್ಲಿ ತಂದು, 2017ರಲ್ಲಿ ಪರಿಷ್ಕರಿಸಿತು. ಉಸಿರಾಟ, ರಕ್ತದ ಆಮ್ಲಜನಕ, ಬಿಪಿ, ನಾಡಿ, ಎಚ್ಚರ, ಮೈಶಾಖ ಈ ಆರಕ್ಕೂ 0ಯಿಂದ 3ರವರೆಗೆ ಅಂಕ. ಆಮ್ಲಜನಕ ಹಾಕಿದ್ದರೆ ಇನ್ನೂ 2 ಸೇರುತ್ತೆ. ಒಂದು ಉದಾಹರಣೆ ನೋಡೋಣ. ರೋಗಿಗೆ ಆಮ್ಲಜನಕ ಹಾಕಿಲ್ಲ, ಪೂರ್ತಿ ಎಚ್ಚರ ಇದೆ.

ಉಸಿರಾಟ ನಿಮಿಷಕ್ಕೆ 22: 2 ಅಂಕ
ಆಮ್ಲಜನಕ ಶೇ. 94: 1 ಅಂಕ
ಮೇಲಿನ ಬಿಪಿ 108: 1 ಅಂಕ
ನಾಡಿ 104: 1 ಅಂಕ
ಎಚ್ಚರ ಸರಿಯಿದೆ: 0
ಮೈಶಾಖ 38.4 ಡಿಗ್ರಿ: 1 ಅಂಕ
ಒಟ್ಟು: 6

ಒಂದೊಂದನ್ನೇ ನೋಡಿದರೆ ಯಾವುದೂ ಹೆದರಿಸುವ ಹಾಗಿಲ್ಲ. "ಸ್ವಲ್ಪ ಜ್ವರ ಇದೆ, ಬೆಳಗ್ಗೆ ರೌಂಡ್ಸ್‌ನಲ್ಲಿ ಹೇಳೋಣ" ಅನ್ನಿಸುತ್ತೆ. ಕೂಡಿದಾಗ 6. ಒಟ್ಟು 5 ಅಥವಾ ಹೆಚ್ಚಾದರೆ ವೈದ್ಯರ ತಂಡಕ್ಕೆ ತಕ್ಷಣ ತಿಳಿಸಬೇಕು, ಗಂಟೆಗೊಮ್ಮೆಯಾದರೂ ಮತ್ತೆ ನೋಡಬೇಕು. 7 ಅಥವಾ ಹೆಚ್ಚಾದರೆ ಅದು ತುರ್ತು ಸ್ಥಿತಿ. ಯಾವುದೇ ಒಂದರಲ್ಲೇ 3 ಬಂದರೂ ಬೇಗ ನೋಡಿಸಬೇಕು. ಬೆಳಗಿನವರೆಗೆ ಕಾಯುವ ಹಾಗಿಲ್ಲ ಅಂತ ಹೇಳುವ ಬಲ ನಮಗೆ ಬರುವುದು ಈ ಕೂಡಿಸಿದ ಲೆಕ್ಕದಿಂದ. ಲೆಕ್ಕ ಕಡಿಮೆ ಇದ್ದರೂ ರೋಗಿ ಸರಿಯಿಲ್ಲ ಅಂತ ಮನಸ್ಸಿಗೆ ಅನ್ನಿಸಿದರೆ ಅದನ್ನೂ ಹೇಳಲೇಬೇಕು.

ಹೆಜ್ಜೆ 2: ನಾಲ್ಕು ಮಾತಿನಲ್ಲಿ ಹೇಳಿ

ನಮ್ಮ ಕಡೆ ಮಾತಿಗೆ ಪೀಠಿಕೆ ಬೇಕು. ನೇರವಾಗಿ ವಿಷಯಕ್ಕೆ ಬಂದರೆ ಒರಟು ಅನ್ನಿಸುತ್ತೆ. ಫೋನಿನ ಆ ಕಡೆ ಇರುವ ಡಾಕ್ಟರು ಮೂರು ವಾರ್ಡ್ ನೋಡಿಕೊಳ್ಳುತ್ತಿರುವಾಗ ಪೀಠಿಕೆ ಮುಗಿಯುವುದರೊಳಗೆ ಅವರ ಗಮನ ಹೋಗಿರುತ್ತೆ. ಅದಕ್ಕೆ ಎಸ್‌ಬಾರ್ ಕ್ರಮ ಇದೆ: ಸ್ಥಿತಿ, ಹಿನ್ನೆಲೆ, ಅಂದಾಜು, ಬೇಡಿಕೆ. ಇದರ ಮೂಲ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ. ಅಲ್ಲಿಂದ ಆಸ್ಪತ್ರೆಗಳಿಗೆ ಬಂತು. ಮೇಲಿನ ರೋಗಿಗೆ 72 ವರ್ಷ ಅಂತ ಇಟ್ಟುಕೊಳ್ಳೋಣ.

ಸ್ಥಿತಿ: "ನಾನು ಸರ್ಜಿಕಲ್ ವಾರ್ಡಿನ ನರ್ಸ್. 12ನೇ ಹಾಸಿಗೆಯವರ ನ್ಯೂಸ್-2 ಅಂಕ ಸಂಜೆ 2 ಇತ್ತು, ಈಗ 6 ಆಗಿದೆ."
ಹಿನ್ನೆಲೆ: "72 ವರ್ಷ. ಮೂರು ದಿನದ ಹಿಂದೆ ಕರುಳಿನ ಶಸ್ತ್ರಚಿಕಿತ್ಸೆ ಆಗಿದೆ."
ಅಂದಾಜು: "ಸೋಂಕಿರಬಹುದು, ಸೆಪ್ಸಿಸ್ ಆಗುತ್ತಿದೆಯೇನೋ ಅಂತ ನನಗೆ ಆತಂಕ."
ಬೇಡಿಕೆ: "ದಯವಿಟ್ಟು ಈಗಲೇ ಬಂದು ನೋಡಿ. ಎಷ್ಟು ಹೊತ್ತಿಗೆ ಬರ್ತೀರಿ? ಅಷ್ಟರಲ್ಲಿ ನಾನು ಏನು ಮಾಡಿಡಲಿ?"

ನಮ್ಮಲ್ಲಿ ಹೆಚ್ಚಿನವರು ತಡವರಿಸುವುದು ನಾಲ್ಕನೆಯ ಮಾತಿನಲ್ಲಿ. ವಿವರ ಎಲ್ಲ ಹೇಳಿ, ಮುಂದಿನದು ಅವರಿಗೇ ತಿಳಿಯುತ್ತೆ ಅಂತ ನಿಲ್ಲಿಸುತ್ತೇವೆ. ದೊಡ್ಡವರಿಗೆ ಹೀಗೆ ಮಾಡಿ ಅಂತ ಹೇಳುವುದು ಹೇಗೆ ಅನ್ನುವ ಸಂಕೋಚ ಅದು. ಆದರೆ ರೋಗಿಗೆ ಸಹಾಯ ತರುವುದು ಆ ನಾಲ್ಕನೆಯ ಮಾತೇ. ಕರೆ ಮುಗಿದ ಮೇಲೆ ಯಾರಿಗೆ, ಎಷ್ಟು ಗಂಟೆಗೆ ಹೇಳಿದೆವು, ಅವರು ಏನೆಂದರು ಅನ್ನೋದನ್ನು ಬರೆದಿಡೋಣ. ವಿದ್ಯಾರ್ಥಿಗಳಾದವರು ಮೊದಲು ಜತೆಗಿರುವ ನರ್ಸ್‌ಗೆ ಹೇಳಬೇಕು. ಅವರಿಗೆ ಹೇಳುವಾಗಲೂ ಇದೇ ಕ್ರಮ.

ಹೆಜ್ಜೆ 3: ಬಿಡದೆ ಮತ್ತೆ ಹೇಳಿ

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಅಂತ ಕೇಳಿಕೊಂಡೇ ಬೆಳೆದವರು ನಾವು. ಆಸ್ಪತ್ರೆಯಲ್ಲಿ ಆಡದೇ ಉಳಿದ ಮಾತಿನಿಂದಲೂ ಕೈತಪ್ಪಿ ಹೋಗುವುದಿದೆ. 'ಸಾರ್', 'ಮೇಡಂ' ಅಂತ ಕರೆದು ಅಭ್ಯಾಸವಾದ ನಾಲಗೆಗೆ ಕನ್ಸಲ್ಟೆಂಟರನ್ನು ಹೆಸರು ಹಿಡಿದು ಕರೆಯುವುದೇ ಕಷ್ಟ. ಇನ್ನು ಅವರ ಮಾತಿಗೆ ಎದುರಾಡುವುದೆಂದರೆ? ಅದಕ್ಕೆಂದೇ ಮೂರು ಮೆಟ್ಟಿಲ ಮಾತು ಇದೆ. ಮೊದಲು, "ನನಗೆ ಆತಂಕ ಇದೆ." ಕೇಳದಿದ್ದರೆ, "ಇದು ನನಗೆ ಸರಿ ಕಾಣ್ತಿಲ್ಲ." ಆಗಲೂ ಕೇಳದಿದ್ದರೆ, "ಇದು ರೋಗಿಯ ಸುರಕ್ಷತೆಯ ಪ್ರಶ್ನೆ." ಈ ಮೂರರಲ್ಲೂ ಅಗೌರವ ಇಲ್ಲ. ಆಗಲೂ ಆಗದಿದ್ದರೆ ಅವರಿಗಿಂತ ಮೇಲಿನವರಿಗೆ ಹೇಳುವುದು.

ಹೇಳಿದವರಿಗೆ ಯಾವಾಗಲೂ ಶಹಬ್ಬಾಸ್ ಸಿಗುತ್ತೆ ಅಂತ ನಾವು ಹೇಳುವುದಿಲ್ಲ. ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ರೋಗಿಗಳಿಗಾದ ನಿರ್ಲಕ್ಷ್ಯದ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆಯಿತು. ಅಲ್ಲಿನ ತುರ್ತು ವಿಭಾಗದ ನರ್ಸ್ ಹೆಲೀನ್ ಡಾನೆಲಿ ಮತ್ತೆ ಮತ್ತೆ ದೂರು ಬರೆದಿದ್ದರು. ಸಹೋದ್ಯೋಗಿಗಳಿಂದಲೇ ಬೆದರಿಕೆ ಎದುರಿಸಿದರು. ರಾಬರ್ಟ್ ಫ್ರಾನ್ಸಿಸ್ ಅವರ ವರದಿ 2013ರಲ್ಲಿ 290 ಶಿಫಾರಸುಗಳೊಂದಿಗೆ ಹೊರಬಂತು. 2015ರಲ್ಲಿ ಅವರೇ ನಡೆಸಿದ ಇನ್ನೊಂದು ಪರಿಶೀಲನೆಯ ಫಲವಾಗಿ ಇಂಗ್ಲೆಂಡಿನ ಎನ್‌ಎಚ್‌ಎಸ್ ಟ್ರಸ್ಟ್‌ಗಳಲ್ಲಿ 'ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್'ಗಳು ಬಂದರು. ಮೇಲಿನವರಿಗೆ ಹೇಳಲು ಭಯವಾದಾಗ ಹೋಗಬಹುದಾದ ಬಾಗಿಲು ಅದು. ರೋಗಿಗೆ ಅಪಾಯವಿದೆ ಅನ್ನಿಸಿದರೆ ತಡಮಾಡದೆ ನಡೆದುಕೊಳ್ಳಬೇಕು ಅಂತ ಎನ್‌ಎಂಸಿಯ ನೀತಿಸಂಹಿತೆಯ 16ನೇ ಅಂಶ ಹೇಳುತ್ತೆ. ಅಂದರೆ ಹೇಳುವುದು ನಮ್ಮ ಕರ್ತವ್ಯದ ಭಾಗ.

"ವೀಸಾಗೆ ತೊಂದರೆ ಆದರೆ?", "ನನ್ನ ಇಂಗ್ಲಿಷ್ ಕೇಳಿ ನಕ್ಕರೆ?" ಈ ಭಯ ನಮ್ಮಲ್ಲಿ ಬಹಳ ಜನರಿಗಿದೆ, ಅದು ಸುಳ್ಳು ಭಯವೂ ಅಲ್ಲ. ಅದಕ್ಕೇ ಒಬ್ಬರೇ ಹೊರಬೇಡಿ. ದಿನಾಂಕ ಹಾಕಿ ಬರೆದಿಡಿ, ವಿಶ್ವವಿದ್ಯಾಲಯದ ಟ್ಯೂಟರ್‌ಗೆ ತಿಳಿಸಿ, ರಾಯಲ್ ಕಾಲೇಜ್ ಆಫ್ ನರ್ಸಿಂಗ್‌ನಲ್ಲಿ ವಿದ್ಯಾರ್ಥಿ ಸದಸ್ಯತ್ವ ಇದೆ, ಸೇರಿಕೊಳ್ಳಿ.

ಹೆಜ್ಜೆ 4: ಕೇಳಿಸಿಕೊಳ್ಳಿ

ಇವತ್ತಿನ ಕಿರಿಯರು ನಾಳೆ ಹಿರಿಯರು. 2021ರಲ್ಲಿ 13 ವರ್ಷದ ಮಾರ್ಥಾ ಮಿಲ್ಸ್ ಲಂಡನ್ನಿನ ಆಸ್ಪತ್ರೆಯಲ್ಲಿ ಸೆಪ್ಸಿಸ್‌ನಿಂದ ತೀರಿಕೊಂಡಳು. ಅವಳ ಸ್ಥಿತಿಯ ಬಗ್ಗೆ ಹೆತ್ತವರು ಆತಂಕ ಹೇಳಿದ್ದರು, ಆದರೆ ಅದಕ್ಕೆ ಬೆಲೆ ಸಿಗಲಿಲ್ಲ. ಅವರ ಹೋರಾಟದಿಂದ 2024ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಹಂತಹಂತವಾಗಿ 'ಮಾರ್ಥಾ ನಿಯಮ' ಜಾರಿಗೆ ಬರತೊಡಗಿತು. ರೋಗಿಯೋ ಮನೆಯವರೋ ಹಗಲು ರಾತ್ರಿ ಯಾವಾಗ ಬೇಕಾದರೂ ಬೇರೆ ತಂಡದಿಂದ ತುರ್ತಾಗಿ ನೋಡಿಸಿ ಅಂತ ಕೇಳಬಹುದು.

ಊಟದ ತಟ್ಟೆ ಎತ್ತುವ ಅಸಿಸ್ಟೆಂಟ್ "ಅಜ್ಜಿ ಇವತ್ತು ಏನೂ ತಿಂದಿಲ್ಲ" ಅಂದರೆ ನಿಂತು ಕೇಳೋಣ. ಊರಿಂದ ಮಗನ ಮನೆಗೆ ಬಂದ ತಾಯಿಯೊಬ್ಬರು "ಯಾಕೋ ಸಂಕಟ ಆಗ್ತಿದೆ" ಅಂದರೆ, ಆ ಪದದಲ್ಲಿ ಎದೆಯದೋ ಹೊಟ್ಟೆಯದೋ ತೊಂದರೆ ಅಡಗಿರಬಹುದು ಅಂತ ನಮಗೆ ಗೊತ್ತಾಗುತ್ತೆ, ಬೇರೆಯವರಿಗೆ ಗೊತ್ತಾಗಲ್ಲ. ಅದನ್ನು ತಂಡಕ್ಕೆ ತಿಳಿಸಿ, ಅಧಿಕೃತ ದುಭಾಷಿಯನ್ನು ಕರೆಸಿ ಅಂತ ಕೇಳುವುದೂ ನಾಯಕತ್ವವೇ.

ಅಭ್ಯಾಸಕ್ಕೆ

1. ಇಬ್ಬಿಬ್ಬರಾಗಿ ಕೂತು ಮೇಲಿನ ಎಸ್‌ಬಾರ್ ಮಾತನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಒಂದು ನಿಮಿಷದೊಳಗೆ ಹೇಳಿ.
2. ಅದೇ ರೋಗಿಗೆ ಆಮ್ಲಜನಕ ಹಾಕಿದರೆ ಅಂಕ ಎಷ್ಟು? ಆಗ ನಿಮ್ಮ ನಾಲ್ಕನೆಯ ಮಾತು ಹೇಗೆ ಬದಲಾಗುತ್ತೆ?
3. ನಿಮ್ಮ ಪ್ಲೇಸ್‌ಮೆಂಟ್ ಇರುವ ಟ್ರಸ್ಟ್‌ನ ಗಾರ್ಡಿಯನ್ ಯಾರು ಅಂತ ಈ ವಾರವೇ ಹುಡುಕಿ, ಫೋನಿನಲ್ಲಿ ಉಳಿಸಿಕೊಳ್ಳಿ.

ಹನ್ನೆರಡು ಗಂಟೆಯ ಶಿಫ್ಟ್ ಮುಗಿಸಿ ಕಾಲು ನೋಯಿಸಿಕೊಂಡು ಬಸ್ಸಿಗೆ ಕಾಯುವಾಗ, ನಾನೇನು ದೊಡ್ಡ ಕೆಲಸ ಮಾಡಿದೆ ಅಂತ ಅನ್ನಿಸುವುದುಂಟು. ಹೊತ್ತಿಗೆ ಸರಿಯಾಗಿ ನೀವು ಹೇಳಿದ ಒಂದು ಮಾತಿನಿಂದ ಒಬ್ಬರು ಉಳಿದಿದ್ದರೆ, ಅದು ನಿಮ್ಮಿಂದ ಅಂತ ಅವರಿಗೆ ಬಹುಶಃ ಎಂದೂ ಗೊತ್ತಾಗುವುದಿಲ್ಲ. ಅವರು ಮನೆಗೆ ಹೋಗಿರುತ್ತಾರೆ, ಅಷ್ಟು ಸಾಕು. ಧೈರ್ಯವಾಗಿ ಹೇಳಿ, ಜತೆಗೆ ನಾವಿದ್ದೇವೆ.