ಇಸಿಲಕ್ಕೊಂದು ನಕ್ಷೆ: ಪ್ರಾಚೀನ ಕರ್ನಾಟಕವನ್ನು ಆಟಕ್ಕೆ ಇಳಿಸುವಾಗ ಕಲಿತದ್ದು

ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2019ರ ಏಪ್ರಿಲ್‌ನಲ್ಲಿ ‘ಇಂಪರೇಟರ್: ರೋಮ್’ ಎಂಬ ಕಂಪ್ಯೂಟರ್ ಆಟ ಹೊರತಂದಿತು. ಕ್ರಿ.ಪೂ. 304ರಲ್ಲಿ ಶುರುವಾಗುವ ರಾಜ್ಯ ಕಟ್ಟುವ ಆಟ ಅದು. ನಕ್ಷೆ ಬ್ರಿಟನ್ನಿನಿಂದ ಹಿಡಿದು ಭಾರತದವರೆಗೂ ಚಾಚಿದೆ. ಅದಕ್ಕೆ ಮೊದಲು 2013ರಲ್ಲಿ ಬಂದಿದ್ದ ‘ಟೋಟಲ್ ವಾರ್: ರೋಮ್ 2’ರ ನಕ್ಷೆಯಲ್ಲಿ ದಕ್ಷಿಣ ಭಾರತವೇ ಇರಲಿಲ್ಲ. 2022ರಲ್ಲಿ ‘ಏಜ್ ಆಫ್ ಎಂಪೈರ್ಸ್ 2’ಕ್ಕೆ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ವಿಸ್ತರಣೆ ಬಂದಾಗ ಇಡೀ ದಕ್ಷಿಣವನ್ನು ‘ದ್ರಾವಿಡರು’ ಎಂಬ ಒಂದೇ ಹೆಸರಿನಡಿ ಸೇರಿಸಿ, ಕಥೆಯನ್ನು ರಾಜೇಂದ್ರ ಚೋಳನ ಸುತ್ತ ಹೆಣೆದರು. ಕದಂಬರಿಗೆ, ಗಂಗರಿಗೆ, ಅಶೋಕನ ಕಾಲದ ಇಸಿಲ ಪಟ್ಟಣಕ್ಕೆ ಪ್ರತ್ಯೇಕ ಜಾಗ ಸಿಗಲಿಲ್ಲ.

‘ಇಂಪರೇಟರ್’ಗೆ ಕಂಪನಿಯ ಕೊನೆಯ ದೊಡ್ಡ ಸೇರ್ಪಡೆ ಬಂದದ್ದು 2021ರಲ್ಲಿ. ಆಮೇಲೆ ಅವರು ಕೆಲಸ ನಿಲ್ಲಿಸಿದರು. ಆಡುವವರು ಬಿಡಲಿಲ್ಲ, ‘ಇನ್ವಿಕ್ಟಸ್’ ಎಂಬ ಮಾಡ್ (ಆಡುವವರೇ ಮಾಡಿಕೊಳ್ಳುವ ಮಾರ್ಪಾಡು) ಕಟ್ಟಿಕೊಂಡು ಆಟವನ್ನು ಬೆಳೆಸುತ್ತಲೇ ಬಂದರು. ಅದನ್ನು ನೋಡಿ ಹುಮ್ಮಸ್ಸು ಬಂದು, ಗೂಳೂರು ಮತ್ತು ತುಮಕೂರಿನ ಕೆಲವು ಗೆಳೆಯರು ಸೇರಿ ಕರ್ನಾಟಕದ ಭಾಗಕ್ಕೆ ನಮ್ಮದೇ ವಿಸ್ತರಣೆಗೆ ಕೈಹಾಕಿದೆವು. ಇಂಥ ಕೆಲಸಕ್ಕೆ ಇಳಿಯುವ ಬೇರೆಯವರಿಗೆ ಉಪಯೋಗಕ್ಕೆ ಬರಲೆಂದು ಇಷ್ಟನ್ನು ಬರೆದಿಟ್ಟಿದ್ದೇನೆ.

1. ನಕ್ಷೆಗಿಂತ ಮೊದಲು ಇಸವಿ

ಹೊಸಬರು ಮೊದಲು ಬಾವುಟ, ಲಾಂಛನ ಬಿಡಿಸಲು ಕೂರುತ್ತಾರೆ. ಮೊದಲು ತೀರ್ಮಾನವಾಗಬೇಕಾದ್ದು ಇಸವಿ. ಕ್ರಿ.ಪೂ. 304ರಲ್ಲಿ ಕರ್ನಾಟಕದಲ್ಲಿ ಕಬ್ಬಿಣ ಇತ್ತು, ಬೃಹತ್ ಶಿಲಾಗೋರಿಗಳನ್ನು ಕಟ್ಟುವ ಜನ ಇದ್ದರು, ಬರಹ ಮಾತ್ರ ಸಿಕ್ಕಿಲ್ಲ. ಅಲ್ಲಿಂದ ಅರ್ಧ ಶತಮಾನ ದಾಟುವುದರೊಳಗೆ ಅಶೋಕನ ಶಾಸನಗಳು ಬಂಡೆಯ ಮೇಲೆ ಕಾಣಿಸಿಕೊಳ್ಳುತ್ತವೆ. ಕದಂಬ ವಂಶದ ಮಯೂರಶರ್ಮ ಬರುವುದು ಕ್ರಿ.ಶ. 345ರ ಸುಮಾರಿಗೆ. ಇವೆಲ್ಲವನ್ನೂ ಒಂದೇ ಆಟಕ್ಕೆ ತುರುಕಿದರೆ ಯಾವ ಕಾಲಕ್ಕೂ ನ್ಯಾಯ ಸಿಗುವುದಿಲ್ಲ. ಹಾಗಾಗಿ ಎರಡು ಭಾಗ ಮಾಡಿಕೊಂಡೆವು: ಮೊದಲನೆಯದು ಮೌರ್ಯರ ಕಾಲದ್ದು, ಎರಡನೆಯದು ಕದಂಬರದ್ದು. ಇಸವಿ ಗಟ್ಟಿಯಾದ ಮೇಲೆ ಯಾವ ಊರು, ಯಾವ ಬೆಳೆ, ಯಾವ ಲಿಪಿ ಎಂಬ ವಾದಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ನಿಂತವು.

2. ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡುವ ಧೈರ್ಯ ಬೇಕು

ತಮ್ಮ ಊರಿಗೂ ಒಬ್ಬ ರಾಜ ಬೇಕು ಎಂದು ತಂಡದಲ್ಲಿ ಎಲ್ಲರಿಗೂ ಆಸೆ. ಕುಣಿಗಲ್ಲಿನವನಿಗೆ ಕುಣಿಗಲ್ ಬೇಕು, ಗುಬ್ಬಿಯವನಿಗೆ ಗುಬ್ಬಿ. ಆಧಾರ ಏನು ಹೇಳುತ್ತದೆ ನೋಡಿ. ಅಶೋಕನ ಶಾಸನಗಳಲ್ಲಿ ತೀರಾ ದಕ್ಷಿಣದವು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಗಡಿಯಾಚೆಯವರೆಂದು ಅವನೇ ಹೆಸರಿಸುವುದು ಚೋಳರು, ಪಾಂಡ್ಯರು, ಸತಿಯಪುತ್ರರು, ಕೇರಳಪುತ್ರರನ್ನು. ನಮ್ಮ ತುಮಕೂರು ಸೀಮೆ ಇವೆರಡರ ನಡುವೆ, ಯಾರ ಲೆಕ್ಕದಲ್ಲೂ ಕಾಣದೆ ಕೂತಿದೆ.

ಈ ಆಟದಲ್ಲಿ ಯಾವ ರಾಜ್ಯಕ್ಕೂ ಸೇರದೆ, ಜನ ಮಾತ್ರ ಇರುವ ಪ್ರದೇಶಗಳಿಗೆ ಅವಕಾಶವಿದೆ. ನಮ್ಮೂರ ಸುತ್ತಲನ್ನು ಹಾಗೇ ಇಟ್ಟೆವು: ದನ ಕಾಯುವವರು, ಕಿರುಧಾನ್ಯ ಬೆಳೆಯುವವರು, ಕಬ್ಬಿಣ ಕರಗಿಸುವವರು, ತಲೆಯ ಮೇಲೆ ದೊರೆ ಇಲ್ಲದವರು. ಬೇಸರಪಟ್ಟವರು ಇದ್ದರು. ಆಡಿ ನೋಡಿದಾಗ ಈ ಜಾಗವೇ ಆಟದ ಬಿಗಿಯಾದ ಭಾಗವಾಯಿತು, ಏಕೆಂದರೆ ಉತ್ತರದ ಮೌರ್ಯನೂ ದಕ್ಷಿಣದ ಚೋಳನೂ ಕಣ್ಣು ಹಾಕುವುದು ಇದರ ಮೇಲೆಯೇ.

ನಕ್ಷೆಯ ಗೆರೆ ಎಳೆಯುವಾಗ ತಾಲ್ಲೂಕಿನ ಗಡಿ ನೆಚ್ಚಬೇಡಿ, ನೀರಿನ ಗಡಿ ನೆಚ್ಚಿ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ಕಾವೇರಿಗೆ ಸೇರುತ್ತದೆ, ಅಲ್ಲೇ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಗೆ. ಎರಡು ಸಾವಿರ ವರ್ಷದ ಹಿಂದೆಯೂ ಅಷ್ಟು ಗಟ್ಟಿಯಾಗಿದ್ದ ಗಡಿ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ.

3. ಶಾಸನವನ್ನು ಆಟದ ನಿಯಮವಾಗಿ ಓದಿ

ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿಯ ಶಾಸನಗಳನ್ನು ಬೆಳಕಿಗೆ ತಂದರು. ‘ಎಪಿಗ್ರಾಫಿಯಾ ಕರ್ನಾಟಿಕ’ ಶಾಸನಮಾಲೆಯಲ್ಲಿ ನಮ್ಮ ತುಮಕೂರು ಜಿಲ್ಲೆಯ ಸಂಪುಟ ಹನ್ನೆರಡನೆಯದು, 1904ರದು. ಇವನ್ನು ಬರೀ ಹೆಸರು ಹೆಕ್ಕಲು ತಿರುವಿ ಹಾಕಿದರೆ ಪ್ರಯೋಜನ ಕಡಿಮೆ. ಆಡಳಿತ ಹೇಗೆ ನಡೆಯುತ್ತಿತ್ತು ಎಂಬುದು ಆ ಸಾಲುಗಳೊಳಗೇ ಇರುತ್ತದೆ.

ಬ್ರಹ್ಮಗಿರಿಯ ಶಾಸನ ಪಾಟಲಿಪುತ್ರದಿಂದ ನೇರ ಬಂದ ಆಜ್ಞೆಯಂತೆ ಶುರುವಾಗುವುದಿಲ್ಲ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಅಲ್ಲಿನ ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ಚಕ್ರವರ್ತಿಯ ಮಾತನ್ನು ದಾಟಿಸುತ್ತಾರೆ. ಆಜ್ಞೆ ಮೂರು ಮೆಟ್ಟಿಲು ಇಳಿದು ಬಂದಿದೆ. ನಾವು ಇದನ್ನೇ ನಿಯಮ ಮಾಡಿದೆವು: ದಕ್ಷಿಣದ ಯಾವ ಪ್ರದೇಶಕ್ಕೂ ರಾಜಧಾನಿಯಿಂದ ನೇರ ಆದೇಶ ಹೋಗದು, ಸುವರ್ಣಗಿರಿಯ ರಾಜಕುಮಾರನ ಮೂಲಕವೇ ಹೋಗಬೇಕು. ಅವನ ನಿಷ್ಠೆ ಸಡಿಲವಾದರೆ ಇಸಿಲಕ್ಕೆ ಮಾತು ತಲಪುವುದು ತಡವಾಗುತ್ತದೆ. ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಕಸುಬಿನ ಹೆಸರನ್ನು ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ವಾಯವ್ಯದ ಲಿಪಿ ಬಲ್ಲವನೊಬ್ಬ ಮೊಳಕಾಲ್ಮೂರಿನ ಬಂಡೆಯ ಮುಂದೆ ಉಳಿ ಹಿಡಿದಿದ್ದ. ಅವನಿಗೂ ಆಟದಲ್ಲಿ ಒಂದು ಪಾತ್ರ ಕೊಟ್ಟಿದ್ದೇವೆ.

ಮೌರ್ಯರು ಇಷ್ಟು ದೂರ ಬಂದದ್ದು ಏತಕ್ಕೆ? ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕಿದ್ದು ರಾಯಚೂರಿನ ಮಸ್ಕಿಯಲ್ಲಿ. ಹಟ್ಟಿಯ ಚಿನ್ನದ ಗಣಿ ಅಲ್ಲಿಂದ ದೂರವಿಲ್ಲ. ಅರ್ಥಶಾಸ್ತ್ರವೂ ದಕ್ಷಿಣದ ದಾರಿಯನ್ನು ಮೆಚ್ಚುವುದು ಅಲ್ಲಿನ ಶಂಖ, ವಜ್ರ, ಮುತ್ತು, ಚಿನ್ನಕ್ಕಾಗಿ. ಆದ್ದರಿಂದ ಚಿನ್ನದ ಪ್ರದೇಶ ಕೈತಪ್ಪಿದರೆ ಸುವರ್ಣಗಿರಿಯ ಖರ್ಚು ತೂಗದ ಹಾಗೆ ಲೆಕ್ಕ ಇಟ್ಟಿದ್ದೇವೆ. ಚಕ್ರವರ್ತಿಯ ಮುಖ ಬಿಡಿಸಲು ಸಿನಿಮಾ ಪೋಸ್ಟರುಗಳ ಮೊರೆ ಹೋಗಲಿಲ್ಲ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ‘ರಾಯೋ ಅಸೋಕೋ’ ಎಂದು ಬರೆದ ಶಿಲ್ಪವೇ ಸಿಕ್ಕಿರುವಾಗ ಬೇರೆ ಮುಖ ಏಕೆ ಬೇಕು?

4. ಕೆರೆಗೆ ಪ್ರತ್ಯೇಕ ನಿಯಮ ಬರೆಯದಿದ್ದರೆ ಅದು ಕರ್ನಾಟಕವಲ್ಲ

ನಾವು ಅತಿ ಹೆಚ್ಚು ಹೊತ್ತು ಕಳೆದದ್ದು ಇದರಲ್ಲಿ. ರೋಮ್‌ ಸುತ್ತ ಕಟ್ಟಿದ ಆಟದಲ್ಲಿ ಪ್ರತಿ ಪ್ರಾಂತ್ಯಕ್ಕೂ ಆಹಾರದ ದಾಸ್ತಾನು ಇರುತ್ತದೆ, ತಿಂಗಳು ತಿಂಗಳು ಇಷ್ಟು ಬರುತ್ತದೆ, ಇಷ್ಟು ಖರ್ಚಾಗುತ್ತದೆ. ಮೆಡಿಟರೇನಿಯನ್ ಕರಾವಳಿಗೆ ಅದು ಸಾಕಾಗಬಹುದು. ನಮ್ಮದು ಮುಂಗಾರು ಕೈಕೊಟ್ಟರೆ ಹಿಂಗಾರು ನೋಡಬೇಕಾದ, ಅದೂ ಹೋದರೆ ಗುಳೆ ಹೋಗಬೇಕಾದ ಬಯಲುಸೀಮೆ.

ಕದಂಬ ವಂಶ ಕಟ್ಟಿದ ಮಯೂರಶರ್ಮನ ಚಂದ್ರವಳ್ಳಿ ಶಾಸನ ಕೆಲವೇ ಸಾಲಿನದು, ಪ್ರಾಕೃತದಲ್ಲಿದೆ. ಅದು ಹೇಳುವ ಮುಖ್ಯ ಸಂಗತಿ ಅವನು ಕೆರೆ ಕಟ್ಟಿಸಿದ ಎಂಬುದು. ತ್ರೈಕೂಟ, ಆಭೀರ, ಪಲ್ಲವ, ಪುನ್ನಾಟ ಎಂದು ಗೆದ್ದವರ ಪಟ್ಟಿಯೂ ಅದರಲ್ಲೇ ಇದೆ. ಆ ಪಟ್ಟಿಯ ಓದಿನ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ, ಕೆರೆಯ ಬಗ್ಗೆ ಇಲ್ಲ. ಕುಬ್ಜ ಕವಿ ಬರೆದ ತಾಳಗುಂದದ ಸ್ತಂಭಶಾಸನದಲ್ಲಿಯೂ ಅದೇ ವಂಶದ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ಮಾತು ಬರುತ್ತದೆ. ರಾಜ ತನ್ನ ದೊಡ್ಡಸ್ತಿಕೆಯನ್ನು ಕೆರೆಯಲ್ಲಿ ತೋರಿಸುತ್ತಿದ್ದ ನಾಡಿನ ಆಟದಲ್ಲಿ ಕೆರೆ ಎಂಬುದು ‘ಆಹಾರ ಶೇಕಡಾ ಹತ್ತು ಹೆಚ್ಚಳ’ ಎಂಬ ಒಂದು ಸಾಲಾಗಿ ಉಳಿಯಕೂಡದು.

ನಾವು ಮಾಡಿಕೊಂಡ ನಿಯಮ ಹೀಗೆ. ಕೆರೆ ಕಟ್ಟಿದ ಕೂಡಲೇ ಫಲ ಕೊಡುವುದಿಲ್ಲ. ಒಳ್ಳೆಯ ಮಳೆಗಾಲ ಒಂದಾದರೂ ಕಳೆಯಬೇಕು. ಹೂಳು ವರ್ಷವರ್ಷ ಸೇರುತ್ತ ಹೋಗುತ್ತದೆ; ಎತ್ತಿಸಲು ದುಡ್ಡಿಗಿಂತ ಜನ ಬೇಕು, ಆ ಜನ ಯುದ್ಧಕ್ಕೆ ಹೋಗಿದ್ದರೆ ಹೂಳು ಅಲ್ಲೇ ಉಳಿಯುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು, ಮೇಲಿನ ಏರಿ ಒಡೆದರೆ ಕೆಳಗಿನದಕ್ಕೂ ಗಂಡಾಂತರ. ಶತ್ರು ಬಂದಾಗ ತೂಬು ಮುಚ್ಚಬೇಕೋ ತೆರೆಯಬೇಕೋ ಎಂಬುದೂ ಆಡುವವನ ತೀರ್ಮಾನ. ಕೊನೆಯ ನಿಯಮ ಬರೆದವನು ಕುಣಿಗಲ್ ದೊಡ್ಡಕೆರೆಯ ದಂಡೆಯಲ್ಲಿ ಬೆಳೆದವನು, ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗೂಳೂರಿನವರಿಗೆ ಇದರ ಇನ್ನೊಂದು ಮಗ್ಗುಲೂ ಗೊತ್ತು. ನಮ್ಮ ದೊಡ್ಡ ಗಣಪತಿಯನ್ನು ಪ್ರತಿವರ್ಷ ಕೆರೆಯ ಮಣ್ಣಿನಿಂದಲೇ ಮಾಡುತ್ತಾರೆ; ಬಲಿಪಾಡ್ಯಮಿಗೆ ಪೂಜೆ ಶುರು, ಕಾರ್ತಿಕ ಕಳೆದ ಮೇಲೆ ಮತ್ತೆ ಕೆರೆಗೇ. ಊರಿನ ನಾನಾ ಕೋಮಿನವರು ಕೈಹಾಕುವ ಕೆಲಸ ಅದು. ಇಂಥ ಆಟಗಳಲ್ಲಿ ‘ವಂಡರ್’ ಎಂದರೆ ಕಲ್ಲಿನ ಕಟ್ಟಡ, ಒಮ್ಮೆ ಕಟ್ಟಿದರೆ ಮುಗಿಯಿತು. ನಾವು ಬೇರೆ ಬಗೆಯ ವಂಡರ್ ಒಂದನ್ನು ಸೇರಿಸಿದೆವು: ಪ್ರತಿವರ್ಷ ಜನ ಸೇರಿ ಮಾಡಬೇಕಾದ ಕೆಲಸ, ಮಾಡಿದ ವರ್ಷ ಪ್ರಾಂತ್ಯದ ಒಗ್ಗಟ್ಟು ಏರುತ್ತದೆ, ಬಿಟ್ಟ ವರ್ಷ ಇಳಿಯುತ್ತದೆ. ಗಣಪತಿಯನ್ನು ಮೌರ್ಯರ ಕಾಲಕ್ಕೆ ಒಯ್ಯಲಿಲ್ಲ. ಆ ಪೂಜೆಯ ಕುರುಹುಗಳು ಬಹಳ ಈಚಿನವು. ಒಟ್ಟಿಗೆ ಮಣ್ಣು ಹೊರುವ ರೀತಿಯನ್ನಷ್ಟೇ ತೆಗೆದುಕೊಂಡೆವು.

5. ಕುದುರೆ ದುಬಾರಿ, ಆನೆ ಹತ್ತಿರ

ಆಟದಲ್ಲಿ ಒಂದೊಂದು ಪ್ರದೇಶಕ್ಕೂ ಒಂದೊಂದು ವ್ಯಾಪಾರದ ಸರಕು. ಕರ್ನಾಟಕದ ಎಲ್ಲೂ ಕುದುರೆ ಕೊಡಬೇಡಿ, ತರಿಸಿಕೊಳ್ಳಲಿ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದ ಏರ್ಪಾಡು, ಅದನ್ನು ನೆನೆದು ಪ್ರಾಚೀನ ಕುಣಿಗಲ್ಲಿಗೆ ಕುದುರೆ ಹಾಕಹೊರಟರೆ ಕಾಲ ಕೆಡುತ್ತದೆ. ಕಾಂಚಿಗೆ ಓದಲು ಹೋಗಿದ್ದ ಮಯೂರಶರ್ಮನಿಗೆ ಪಲ್ಲವರ ಅಶ್ವದಳದವರೊಂದಿಗೆ ಜಗಳವಾಗಿ, ಅವಮಾನ ತಾಳದೆ ಕತ್ತಿ ಹಿಡಿದನೆಂದು ತಾಳಗುಂದದ ಶಾಸನ ಹೇಳುತ್ತದೆ. ಕುದುರೆ ಇದ್ದವರ ಮೇಲೆ ಕಾಡು ಸೇರಿ ಹೋರಾಡಿದ ರಾಜ್ಯಕ್ಕೆ ಕಾಡಿನ ಲಾಭ ಕೊಟ್ಟರೆ ಆಟ ತಾನಾಗಿ ಸರಿಹೋಗುತ್ತದೆ. ಆನೆಯಾದರೆ ಹತ್ತಿರದ ಕಾಡಿನಲ್ಲೇ ಇದೆ. ಅದರ ಬೆಲೆ ಗೊತ್ತಾಗಲು ಒಂದು ಲೆಕ್ಕ ಸಾಕು: ಮೌರ್ಯ ಚಂದ್ರಗುಪ್ತನಿಂದ ಗ್ರೀಕ್ ದೊರೆ ಸೆಲ್ಯೂಕಸ್ 500 ಆನೆ ಪಡೆದು ಸಿಂಧೂವಿನ ಕಡೆಯ ನಾಡುಗಳನ್ನೇ ಬಿಟ್ಟುಕೊಟ್ಟ, ಕ್ರಿ.ಪೂ. 301ರ ಇಪ್ಸಸ್ ಯುದ್ಧದಲ್ಲಿ ಆ ಆನೆಗಳೇ ಅವನನ್ನು ಗೆಲ್ಲಿಸಿದವು.

6. ಐತಿಹ್ಯಕ್ಕೆ ಬಾಗಿಲು ಇರಲಿ, ಚಿಲಕವೂ ಇರಲಿ

ಗೂಳೂರಿನ ಪಕ್ಕದ ಕೈದಾಳದಲ್ಲಿ ಶಿಲ್ಪಿ ಜಕಣಾಚಾರಿಯ ಕಥೆ ಮಕ್ಕಳಿಗೂ ಬಾಯಿಪಾಠ. ಆದರೆ ಅಲ್ಲಿನ ಚೆನ್ನಕೇಶವ ದೇವಾಲಯ ಕಟ್ಟಿಸಿದವನೆಂದು ಶಾಸನ ಹೇಳುವುದು ಹೊಯ್ಸಳರ ಸಾಮಂತ ಬಾಚಿಯ ಹೆಸರನ್ನು. ಎರಡೂ ನಮ್ಮವೇ, ಎರಡರ ತೂಕ ಮಾತ್ರ ಬೇರೆ. ಚಂದ್ರಗುಪ್ತ ಶ್ರವಣಬೆಳಗೊಳಕ್ಕೆ ಬಂದ ಕಥೆಯೂ ಹೀಗೆಯೇ: ಅದರ ಬಗ್ಗೆ ಚಿಕ್ಕಬೆಟ್ಟದಲ್ಲಿರುವ ಹಳೆಯ ಶಾಸನ ಅವನ ಕಾಲದ ಸುಮಾರು ಒಂಬೈನೂರು ವರ್ಷದ ನಂತರದ್ದು. ಇದನ್ನು ಆಟದಲ್ಲಿ ಕಡ್ಡಾಯ ಘಟನೆ ಮಾಡಲಿಲ್ಲ. ಚಂದ್ರಗುಪ್ತನಿಗೆ ವಯಸ್ಸಾದಾಗ ಸಿಂಹಾಸನ ಬಿಡುವ ಆಯ್ಕೆ ಬರುತ್ತದೆ. ಬಿಟ್ಟರೆ ದಕ್ಷಿಣಕ್ಕೆ ನಡೆಯುತ್ತಾನೆ. ಆ ಪುಟದ ಕೆಳಗೆ ‘ಐತಿಹ್ಯ’ ಎಂದು ಸ್ಪಷ್ಟವಾಗಿ ಬರೆದಿದ್ದೇವೆ. ಜೈನ ಗೆಳೆಯರೂ ಇತಿಹಾಸದ ಮೇಷ್ಟ್ರುಗಳೂ ಆಡಿ ನೋಡಿ ಒಪ್ಪಿದ ಭಾಗ ಇದು.

7. ಕನ್ನಡ ಅಕ್ಷರಕ್ಕೆ ಸಮಯ ತೆಗೆದಿಡಿ

ಆಟದ ಎಂಜಿನ್‌ಗಳಲ್ಲಿ ಹಲವಕ್ಕೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ‘ಬ್ರಹ್ಮಗಿರಿ’ ಎಂದು ಕೊಟ್ಟರೆ ಹಲಂತ ಚಿಹ್ನೆಗಳೊಡನೆ ಚೂರುಚೂರಾಗಿ ನಿಲ್ಲುತ್ತದೆ. ನಕ್ಷೆಯ ಮೇಲಿನ ಊರಿನ ಹೆಸರುಗಳನ್ನು ಚಿತ್ರವಾಗಿ ಬಿಡಿಸಿ ಇಡುವುದು ಸದ್ಯಕ್ಕೆ ದಾರಿ. ಪಠ್ಯವನ್ನು ಎಷ್ಟು ಚಿಕ್ಕದು ಮಾಡಿದರೆ ಅಷ್ಟು ಒಳ್ಳೆಯದು.

8. ಆಟವನ್ನು ಅದರ ಪಾಡಿಗೆ ಬಿಟ್ಟು ನೋಡಿ, ಆಮೇಲೆ ಹುಡುಗರ ಕೈಗೆ ಕೊಡಿ

ಯಾರೂ ಆಡದೆ ಕಂಪ್ಯೂಟರೇ ಎಲ್ಲ ರಾಜ್ಯಗಳನ್ನೂ ನಡೆಸುವ ವೀಕ್ಷಕ ವಿಧಾನ ಇದೆ. ರಾತ್ರಿ ಹಚ್ಚಿಟ್ಟು ಮಲಗಿ, ಬೆಳಗ್ಗೆ ಇಸಿಲದ ಮೇಲೆ ಯಾರ ಬಣ್ಣವಿದೆ ನೋಡಿ. ಪ್ರತಿಸಲವೂ ಒಬ್ಬನೇ ಗೆದ್ದರೆ ಲೆಕ್ಕ ಎಲ್ಲೋ ಓರೆಯಾಗಿದೆ. ಪ್ರತಿಸಲ ಹೊಸಬರು ಗೆದ್ದರೂ ಸಂಶಯ ಪಡಿ, ಆಗ ನೆಲಕ್ಕೆ ಗುಣವೇ ಇಲ್ಲವೆಂದಾಯಿತು.

ಹುಡುಗರು ಆಡುವಾಗ ಹಿಂದೆ ನಿಂತು ವಿವರಿಸಬೇಡಿ. ‘ಅಣ್ಣಾ, ಯುದ್ಧ ಗೆದ್ದೆ, ಆಳುಗಳಿಗೆ ಏನು ಕೊಡೋದು?’ ಎಂದು ಒಬ್ಬ ಕೇಳಿದ. ಮೂಲ ಆಟದ ಉತ್ತರ ಸಂಬಳ. ನಮ್ಮ ಉತ್ತರ ಹಲ್ಮಿಡಿ ಶಾಸನದಲ್ಲಿದೆ: ಕ್ರಿ.ಶ. 450ರ ಸುಮಾರಿನ ಆ ಶಾಸನ ಹೋರಾಡಿದ ವಿಜ ಅರಸನಿಗೆ ಎರಡು ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದ ಗೌರವದ ದತ್ತಿಯಾಗಿ ಕೊಟ್ಟದ್ದನ್ನು ದಾಖಲಿಸುತ್ತದೆ. ಎರಡನೆಯ ಭಾಗಕ್ಕೆ ಈಗ ಬರೆಯುತ್ತಿರುವುದು ಈ ನಿಯಮವನ್ನೇ. ಯುದ್ಧ ಗೆದ್ದ ದಳಪತಿಗೆ ಊರು ಬಿಟ್ಟುಕೊಟ್ಟರೆ ಅವನ ನಿಷ್ಠೆ ಏರುತ್ತದೆ, ಆ ಊರಿನ ತೆರಿಗೆ ಮಾತ್ರ ಬೊಕ್ಕಸಕ್ಕೆ ಬರುವುದಿಲ್ಲ. ಎಷ್ಟು ಊರು ಕೊಟ್ಟ ಮೇಲೆ ದಳಪತಿ ಸ್ವತಂತ್ರನಾಗಬೇಕು ಎಂಬ ಅಂಕಿಯ ಬಗ್ಗೆ ತಂಡದಲ್ಲಿ ಇನ್ನೂ ವಾದ ನಡೆದಿದೆ. ಈ ಮಳೆಗಾಲದ ಪರೀಕ್ಷೆಗಳು ಮುಗಿದ ಮೇಲೆ ಅದನ್ನು ಗಟ್ಟಿ ಮಾಡುತ್ತೇವೆ.